ಒಂದು ಎಳೆ ಎಷ್ಟು ಭಾರ ತಡೆದೀತು

ಭಾನುವಾರ ಮಾತ್ರ ಬಾಯ್ಲರು ತಣ್ಣಗಿರುತ್ತದೆ.
ಶಿಡ್ಲಘಟ್ಟದಲ್ಲಿ, ಮುಬೀನಾಳ ಚಾಚಾ ನಡೆಸುವ
ಫಿಲೇಚರಿನ ಮಹಡಿ.
ಬೆಂದ ಹುಳದ ವಾಸನೆ ಮೆಟ್ಟಿಲು ಹತ್ತಿ ಬಂದು
ನಮ್ಮ ಜತೆಗೇ ಕೂರುತ್ತದೆ, ಐದನೆಯ ಆಟಗಾರನಂತೆ.

ಚಾಪೆಯ ಮೇಲೆ ಪೆನ್ಸಿಲ್ಲಿನ ಕೋಟೆ,
ಇಪ್ಪತ್ತು ಮುಖದ ಒಂದೇ ಒಂದು ದಾಳ,
ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದ
ನಿಯಮದ ಪುಸ್ತಕ: ಇನ್ನೂರ ಹನ್ನೆರಡು ಪುಟ.
ಕಥೆ ನಡೆಸುವವಳು ನಾನು.
ಬಾಗಿಲ ಹಿಂದೆ ಏನಿದೆಯೆಂದು ನನಗಷ್ಟೇ ಗೊತ್ತು.
ಎಷ್ಟೋ ಸಲ ನನಗೂ ಗೊತ್ತಿರುವುದಿಲ್ಲ.

ಪಿಳ್ಳಾಂಜಿಗೆ ಪುಸ್ತಕ ಬಾಯಿಪಾಠ.
ಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಬರೆಯುವವನು,
ಗ್ರಾಮಿಗೂ ಜಗಳ ನೋಡಿ ಬೆಳೆದ ಕಣ್ಣು.
ಒದ್ದೆ ಗೋಡೆ ಹತ್ತಿದರೆ ಎರಡು ಕಡಿತ,
ಕತ್ತಲಲ್ಲಿ ಬಾಣ ಬಿಟ್ಟರೆ ನಾಲ್ಕು,
ಕುಡಿದು ಕುದುರೆ ಏರಿದರೆ
ಪುಟ ನೂರ ಆರು, ಅಡಿಟಿಪ್ಪಣಿ.

ಮೊನ್ನೆ ಸೇತುವೆ ಮುರಿಯಿತು. ಕಂದರದ ಆಚೆ ದೀಪ.
ಹಗ್ಗ ಹಿಂದಿನ ವಾರವೇ ಮೊಸಳೆಯ ಪಾಲಾಗಿತ್ತು.
ಮುಬೀನಾ ಇಲ್ಲದ ಜೋಳಿಗೆಗೆ ಕೈ ಹಾಕಿದಳು:
"ನನ್ನ ಹತ್ರ ಗೂಡಿದೆ. ಮೂರು ಹಳ್ಳಿ ಹಿಂದೆ ಕದ್ದದ್ದು,
ನೀನೇ ಬರೆಸಿದ್ದೆ. ನೂಲು ತೆಗೀತೀನಿ."

ಪಿಳ್ಳಾಂಜಿ ಪುಟ ತಿರುವಿದ. ಹಗ್ಗ ಇತ್ತು, ಸರಪಳಿ ಇತ್ತು,
ಬಳ್ಳಿ ಕೂಡ ಇತ್ತು, ಹಸಿಯದು ಬೇರೆ, ಒಣಗಿದ್ದು ಬೇರೆ.
"ನೂಲಿಲ್ಲ. ಇಲ್ಲದ್ದು ಆಗಲ್ಲ."
ಬರೆದವನು ಎಲ್ಲಿ ಕೂತು ಬರೆದನೋ,
ಅವನ ಕಿಟಕಿಯಾಚೆ ಹಿಪ್ಪುನೇರಳೆ ಇರಲಿಲ್ಲವೇನೋ.

ನಾನು ಉದಾರಿಯಾದೆ.
"ಹೋಗಲಿ ಬಿಡು, ಆಯ್ತು. ದಾಟಿದಿರಿ."

ಮುಬೀನಾ ಸಿಟ್ಟಾದದ್ದು ಆಗ.
"ಹಂಗೆ ಕೊಟ್ಟರೆ ಬೇಡ.
ಮೊದಲು ಬೇಯಿಸಬೇಕು. ಜಾಸ್ತಿ ಬೆಂದರೆ ಮುದ್ದೆ,
ಕಮ್ಮಿಯಾದರೆ ಗೂಡು ಬಿಡಲ್ಲ.
ಕುಂಚ ಆಡಿಸಿ ತುದಿ ಹುಡುಕಬೇಕು.
ಒಂಟಿ ಎಳೆ ಉಗುರು ತಾಕಿದರೂ ಹೋಯ್ತು;
ಎಂಟು ಕೂಡಿದರೆ ಒಂದು ನೂಲು.
ಅಂಥಾ ನೂಲು ಎಷ್ಟು ಹೊಸೆದರೆ
ಒಬ್ಬಳ ಭಾರ ತಡೀತದೆ? ಅದನ್ನ ಕೇಳು ನನ್ನ.
ಕಡಿಯೋಕೇ ಆಗದ ನೂಲು ನನಗ್ಯಾಕೆ?"

ಸುಗುಣಾ ಮೂಲೆಯಲ್ಲಿದ್ದಳು.
ನಡುವೆ ಎರಡು ವಾರ ಪುಸ್ತಕ ಮುಚ್ಚಿಟ್ಟು ಆಡಿದ್ದೆವು,
ಎಲ್ಲ ಮಾತಿನಲ್ಲೇ, ಎಷ್ಟು ಚೆಂದ ಎಂದುಕೊಂಡು.
ಆ ಎರಡೂ ವಾರ ಅವಳ ಮಂತ್ರವಾದಿ
ಒಂದು ಮರದ ಕೆಳಗೇ ನಿಂತಿದ್ದ. ಯಾರೂ ಕರೆಯಲಿಲ್ಲ.
ಪುಟ ಒಂಬತ್ತು: ಸರದಿ ಎಡಗಡೆಯಿಂದ,
ಯಾರನ್ನೂ ದಾಟಿ ಹೋಗುವಂತಿಲ್ಲ.
ಆ ಸಾಲಿನ ಮೇಲೆ ಅವಳ ಬೆರಳಿನ ಜಿಡ್ಡು.

ಸರದಿ ಬಂತು. ಅಂದಳು:
"ಜ್ವರಕ್ಕೆ ಕೂತ ಹುಳಕ್ಕೆ ನಮ್ಮಮ್ಮ ಸೊಪ್ಪು ಹಾಕಲ್ಲ.
ದೇವರು ಬಂದು ಹೇಳಿದರೂ ಹಾಕಲ್ಲ.
ಜ್ವರದಿಂದ ಎದ್ದವಾ ಇಲ್ಲವಾ ಅಂತ ಮಾತ್ರ
ತಟ್ಟೆ ಮೇಲೆ ಬಗ್ಗಿ, ತಲೆ ನೋಡ್ತಾಳೆ.
ಕ್ಯಾಲೆಂಡರ್ ನೋಡಲ್ಲ."
ಅಷ್ಟೇ. ಸರದಿ ಮುಗಿಯಿತು.

ಚಿಂತಾಮಣಿಯ ನಮ್ಮಜ್ಜಿ ಚೌಕಾಬಾರಕ್ಕೆ ಕೂತರೆ
ಮೂರು ಸಲ ಬಾರ ಬಿದ್ದರೆ ಮೂರೂ ಸುಟ್ಟವು.
ಎದುರುಮನೆಯಲ್ಲಿ ಹಾಗಿರಲಿಲ್ಲ.
ಆಟ ಯಾರ ಮನೇದು ಅಂತ ಮೊದಲು ಕೇಳಿ
ಆಮೇಲೆ ಕವಡೆ ಎತ್ತುತ್ತಿದ್ದಳು.

ಪೆನ್ಸಿಲ್ ಕೇಳಿದವನು ಪಿಳ್ಳಾಂಜಿಯೇ.
ಬಳ್ಳಿಗೂ ಸರಪಳಿಗೂ ನಡುವಿನ ಸಂದಿಯಲ್ಲಿ
ಪುಟ್ಟ ಅಕ್ಷರದಲ್ಲಿ ಬರೆದ:
ನೂಲು. ಮುಬೀನಾ ಹೇಳಿದಷ್ಟು.
ತೂಕದ ಕಲಂ ಖಾಲಿ ಬಿಟ್ಟ.
ಹಾಗೆ ಬಿಟ್ಟದ್ದು ಅವನ ಜನ್ಮದಲ್ಲಿ ಅದೇ ಮೊದಲಿರಬೇಕು,
ಎರಡು ಸಲ ಮತ್ತೆ ನೋಡಿದ.

ಅವಳು ಹೇಳಿದಳು: ಹನ್ನೊಂದರ ಮೇಲೆ ಬಿದ್ದರೆ ದಾಟಿದೆ.
ದಾಳ ಉರುಳಿ ಚಾಪೆ ಬಿಟ್ಟು ಸಿಮೆಂಟಿಗೆ ಹೋಯಿತು.
ಮೂರು.

ಕಂದರದ ನಟ್ಟನಡುವೆ ನೂಲು ಕಡಿಯಿತು.
"ನೋಡಿದ್ಯಾ," ಬೀಳುತ್ತಲೇ ನಕ್ಕಳು ಮುಬೀನಾ,
"ಎಂಟನೇ ಎಳೆ ಸರಿಯಾಗಿ ಕೂಡಿರಲಿಲ್ಲ."

ಬಿದ್ದರೆ ಎಷ್ಟು ಏಟು?
ಅದಕ್ಕೆ ಪುಟ ಎಂಬತ್ತು ಇತ್ತು.
ಯಾರೂ ತಕರಾರು ತೆಗೆಯಲಿಲ್ಲ.